ಬಿಳಿ ಮೂರಕ್ಕೆ ಹನ್ನೊಂದರ ತಂತಿ

ಎಲೆಕ್ಟ್ರಿಕ್ ಗಿಟಾರಿಗೆ ಎಷ್ಟು ದಪ್ಪದ ತಂತಿ ಹಾಕಬೇಕು ಎಂದು ಗಂಡಸರು ಚರ್ಚಿಸುವುದನ್ನು ಕೇಳಿದರೆ, ಇವರೇನೋ ಕೃಷ್ಣಾ ನದಿಗೆ ಅಡ್ಡಲಾಗಿ ಸೇತುವೆ ಕಟ್ಟುತ್ತಿದ್ದಾರೆ ಅನ್ನಿಸಬೇಕು. ತಂತಿಯ ಸೆಟ್ಟುಗಳಿಗೆ ಅಂಕಿಯ ಹೆಸರು. ಆರು ತಂತಿಗಳ ಪೈಕಿ ಅತಿ ತೆಳುವಾದದ್ದು ಇಂಚಿನ ಸಾವಿರ ಭಾಗದಲ್ಲಿ ಎಷ್ಟು ಭಾಗ ದಪ್ಪವಿದೆಯೋ ಅದೇ ಇಡೀ ಸೆಟ್ಟಿನ ಹೆಸರು. ಒಂಬತ್ತು, ಹತ್ತು, ಹನ್ನೊಂದು. ಒಂಬತ್ತು ಬೆರಳಿಗೆ ಹಗುರ, ಹನ್ನೊಂದು ಬಿಗಿ. ವಿಷಯ ಇಷ್ಟೇ. ಇದರ ಮೇಲೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಇಬ್ಬರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು.

ನಾನು ಒಂಬತ್ತರ ತಂತಿಯಲ್ಲಿ ನುಡಿಸುತ್ತಿದ್ದೆ. ಯಾಕೆ ಎಂದು ಕೇಳಿದರೆ ಗಿಟಾರು ನನ್ನ ಕೈಗೆ ಬಂದಾಗ ಅದರ ಮೇಲೆ ಒಂಬತ್ತೇ ಇತ್ತು. ಅಮೆರಿಕಕ್ಕೆ ಹೊರಟ ಸಹೋದ್ಯೋಗಿಯೊಬ್ಬ ತನ್ನ ಫ್ರಿಜ್ಜು, ಮಂಚ, ಬಕೆಟ್ಟುಗಳ ಜೊತೆ ಅದನ್ನೂ ಮಾರಿ ಹೋದ. ಫ್ರಿಜ್ಜು ಕೇಳಲು ಹೋದ ನಾನು ಗಿಟಾರು ಹೊತ್ತು ಬಂದೆ.

ಆಗ ಹೈದರಾಬಾದಿನ ಪಶ್ಚಿಮಕ್ಕೆ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುವ ಭರಾಟೆ. ಅಂಥದೊಂದು ಕಟ್ಟಡದಲ್ಲಿ ನನಗೆ ಟೆಸ್ಟಿಂಗ್ ಕೆಲಸ. ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ಅದನ್ನು ಅವರಿಗೆ ತಿಳಿಸಿ, ಅವರ ಮುಖ ಕೆಡುವುದನ್ನು ನೋಡುವ ಕೆಲಸ. ಮೂಗಿನ ತುದಿಯಲ್ಲೇ ಸಿಟ್ಟಿರುವ ನನ್ನಂಥವಳಿಗೆ ಹೇಳಿ ಮಾಡಿಸಿದಂತಿತ್ತು. ಭಾನುವಾರ ಮಾತ್ರ ಕನ್ನಡ ಸಭೆಯಲ್ಲಿ ಗಿಟಾರು ನುಡಿಸುತ್ತಿದ್ದೆ.

ನಮ್ಮದು ರಾಯಚೂರು ಕಡೆಯ ಕ್ರೈಸ್ತ ಮನೆತನ. ಹೈದರಾಬಾದಿನಲ್ಲಿ ನಮ್ಮ ಕನ್ನಡ ಸಭೆಗೆ ಸ್ವಂತ ಚರ್ಚು ಇರಲಿಲ್ಲ. ಮೆಹದಿಪಟ್ಟಣಂ ಹತ್ತಿರ ತೆಲುಗು ಸಭೆಯವರು ಆರಾಧನೆ ಮುಗಿಸಿ ಎದ್ದುಹೋದ ಮೇಲೆ ಅವೇ ಬೆಂಚುಗಳ ಮೇಲೆ ನಾವು ಕೂರುತ್ತಿದ್ದೆವು. ಬೆಂಚು ಇನ್ನೂ ಬೆಚ್ಚಗಿರುತ್ತಿತ್ತು. ಸಭೆಯ ಅರ್ಧ ಜನ ರಾಯಚೂರು, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು, ಆ ಗಾಜಿನ ಕಟ್ಟಡಗಳನ್ನು ಕಟ್ಟುತ್ತಿದ್ದವರು. ನನ್ನಂಥ ನಾಲ್ಕಾರು ಜನ ಅದರೊಳಗೆ ಎ.ಸಿ.ಯಲ್ಲಿ ಕೂತು ಬೆನ್ನುನೋವು ಅನ್ನುತ್ತಿದ್ದವರು. ಉಳಿದವರು ಅಂಗಡಿ, ಆಸ್ಪತ್ರೆ, ರೈಲ್ವೆ.

ಸಭೆಯಲ್ಲಿ ಹಾಡು ಎತ್ತುವವಳು ನಮ್ಮವ್ವ. ನರ್ಸಾಗಿದ್ದವಳು, ಆದ್ದರಿಂದ ಎಲ್ಲರಿಗೂ ಸಿಸ್ಟರ್. ಪಕ್ಕದಲ್ಲಿ ಪೇಟಿ ಮಾಸ್ತರು. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಮಾಸ್ತರು ರೈಲ್ವೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಪೇಟಿ ಬಾರಿಸುವವರಿಗೆ ಮಾಸ್ತರ್ ಅನ್ನುವುದು ವಾಡಿಕೆ. ನಮ್ಮಲ್ಲಿ ಇನ್ನೂ ಒಂದು ವಾಡಿಕೆಯಿತ್ತು. ಯಾವ ಸುರದಲ್ಲಿ ಹಾಡಬೇಕೆಂದು ಹಾಡು ಎತ್ತುವವರೇ ಬಾಯಿಬಿಟ್ಟು ಕೇಳಬೇಕು. ಪೇಟಿಯವರು ತಾವಾಗಿ ಸುರ ಕೊಡುವಂತಿಲ್ಲ, ಏರಿಸುವಂತಿಲ್ಲ, ಇಳಿಸುವಂತಿಲ್ಲ. ಊಟಕ್ಕೆ ಕೂತವರ ಹೊಟ್ಟೆ ಎಷ್ಟೆಂದು ಬಡಿಸುವವರು ಹೇಳಬಾರದು ಎಂದು ಹಿರಿಯರ ಮಾತು. ಹಾಗಾಗಿ ಅವ್ವ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ಬಿಳಿ ಐದು ಕೊಡ್ರಿ ಮಾಸ್ತರ" ಅನ್ನುವಳು. ಪೇಟಿಯ ಬಿಳಿ ಕೀಗಳಲ್ಲಿ ಐದನೆಯದು. ಗಿಟಾರಿನವರು ಅದಕ್ಕೆ ಜಿ ಅನ್ನುತ್ತಾರೆ. ನನಗೆ ತಿಳಿವಳಿಕೆ ಬಂದಾಗಿನಿಂದ ಅವ್ವ ಬೇರೆ ಸುರ ಕೇಳಿದ್ದಿಲ್ಲ, ಮಾಸ್ತರು ಬೇರೆ ಸುರ ಕೊಟ್ಟದ್ದಿಲ್ಲ.

ನಾನು ಗಿಟಾರು ಕಲಿತದ್ದು ಇವರಿಬ್ಬರ ಪಕ್ಕದಲ್ಲಿ ಕೂತು. ಹೀಗಾಗಿ ನನ್ನ ಎಡಗೈಗೆ ಗೊತ್ತಿದ್ದದ್ದೆಲ್ಲ ಜಿ. ಎಷ್ಟು ಕೀರ್ತನೆಗಳಿವೆಯೋ ಅಷ್ಟೂ ಜಿಯಿಂದ ಹೊರಟು ಜಿಗೆ ಬರುತ್ತಿದ್ದವು, ಎಲ್ಲಿಗೆ ಹೋಗಬೇಕಾದರೂ ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿಗೆ ಬಂದು ಬಸ್ ಹಿಡಿಯುವವರ ಹಾಗೆ.

ಒಂದು ವರ್ಷ ಅವ್ವನ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಕಾಣಿಸಿತು. ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ರಿಪೋರ್ಟು ಬಂದಾಗ ನಾನು ಆಸ್ಪತ್ರೆಯ ಕಾರಿಡಾರಿನಲ್ಲೇ ಕೂತುಬಿಟ್ಟೆ. ಡಾಕ್ಟರು ಒಳ್ಳೆಯವರು, ನಿಧಾನವಾಗಿ ಹೇಳಿದರು: ಮಾತಿಗೆ ಏನೂ ತೊಂದರೆಯಿಲ್ಲ, ಎತ್ತರದ ದನಿ ಮಾತ್ರ ಮೊದಲಿನ ಹಾಗೆ ಬರಲಿಕ್ಕಿಲ್ಲ. ಅವ್ವ ತಲೆಯಾಡಿಸಿದಳು. ತಾನೇ ಸಾವಿರ ಜನಕ್ಕೆ ಇಂಥ ಸುದ್ದಿ ಇದೇ ದನಿಯಲ್ಲಿ ಹೇಳಿದ್ದವಳು. ಅದರಲ್ಲಿ ತಪ್ಪು ಹುಡುಕಲು ಅವಳಿಗೆ ಏನೂ ಸಿಗಲಿಲ್ಲ.

ಗಾಯ ಮಾಗಿದ ಮೇಲೆ ಮೊದಲ ಭಾನುವಾರ ಎದ್ದು ನಿಂತು ಬಿಳಿ ಐದು ಕೇಳಿದಳು. ಮಾಸ್ತರು ಕೊಟ್ಟರು. ಮೊದಲ ಸಾಲು ಹೇಗೋ ದಾಟಿತು. ಮೇಲಕ್ಕೆ ಹೋಗುವ ಸಾಲಿನಲ್ಲಿ ಬಾಯಿ ತೆರೆದಿತ್ತು, ದನಿ ಬರಲಿಲ್ಲ, ಬರೀ ಗಾಳಿ ಬಂತು. ಅವ್ವ ಕೆಮ್ಮಿದ ಹಾಗೆ ಮಾಡಿ ಕೂತಳು. ಮುಂದಿನ ವಾರ ಮೂರನೆಯ ಬೆಂಚಿಗೆ ಹೋಗಿ ಕೂತಳು. ಪಾಸ್ಟರು ಬಂದು ಮಾತಾಡಿಸಿದಾಗ, "ಯಾರನ್ನರ ನೋಡ್ರಿ ಪಾಸ್ಟರ್, ನನ್ನ ಪಾಳಿ ಮುಗೀತು," ಅಂದಳು. ಪಾಳಿ ಎಂದರೆ ಆಸ್ಪತ್ರೆಯ ಡ್ಯೂಟಿ. ಯಾರೂ ಸಿಗಲಿಲ್ಲ. ಪಾಸ್ಟರೇ ಸುರ ಕೇಳತೊಡಗಿದರು, ಅವರಿಗೂ ಗೊತ್ತಿದ್ದದ್ದು ಬಿಳಿ ಐದೇ. ಹಾಡು ನಡೆಯುತ್ತಿತ್ತು, ಎಳೆದ ಗಾಡಿಯ ಹಾಗೆ.

ಮನೆಯಲ್ಲಿ ಅವ್ವ ಸುಮ್ಮನಾದಳು. ಮೊದಲು ಅಡುಗೆ ಮಾಡುವಾಗ ಹಾಡುವಳು, ಬಟ್ಟೆ ಮಡಚುವಾಗ ಹಾಡುವಳು, ನನಗೆ ಬೈಯುವ ಮಧ್ಯೆಯೂ ಒಂದು ಸಾಲು ಹಾಡಿ ಮತ್ತೆ ಬೈಗುಳಕ್ಕೆ ಬರುವಳು. ಈಗ ಬೈಗುಳವೂ ಕಡಿಮೆಯಾಯಿತು. ನನಗೆ ಹೆದರಿಕೆಯಾಯಿತು. ಬೈಯುವ ಅವ್ವನ ಜೊತೆ ಹೇಗೆ ಬದುಕಬೇಕೆಂದು ಗೊತ್ತಿತ್ತು. ಈಕೆಯ ಜೊತೆ ಗೊತ್ತಿರಲಿಲ್ಲ. ಸಭೆಯ ಸುಗ್ಗಿ ಹಬ್ಬ ಹತ್ತಿರ ಬರುತ್ತಿತ್ತು, ಆ ದಿನದ ದೊಡ್ಡ ಕೀರ್ತನೆಯನ್ನು ಪ್ರತಿ ವರ್ಷ ಎತ್ತುತ್ತಿದ್ದವಳು ಅವ್ವನೇ. ಈ ಸಲ ಅವಳು ಎತ್ತದಿದ್ದರೆ ಮುಂದೆ ಎಂದೂ ಎತ್ತುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಒಂದು ಶನಿವಾರ ಅವ್ವ ಪುಂಡಿಪಲ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ತನಗೇ ಗೊತ್ತಿಲ್ಲದೆ ಗುನುಗುತ್ತಿದ್ದಳು, ಸುಗ್ಗಿಯ ಕೀರ್ತನೆಯನ್ನೇ, ಬಹಳ ಕೆಳಗಿನ ದನಿಯಲ್ಲಿ. ನಾನು ಗಿಟಾರು ತೆಗೆದುಕೊಂಡು, ಆಂಪ್ಲಿಫೈಯರಿಗೆ ಜೋಡಿಸದೆ, ಕುತ್ತಿಗೆಯ ಪಟ್ಟಿಗಳ ನಡುವಿನ ಒಂದೊಂದೇ ಮನೆ ಒತ್ತಿ ಅವಳ ದನಿ ಎಲ್ಲಿದೆ ಎಂದು ಹುಡುಕಿದೆ. ಸಿಕ್ಕಿತು. ಮೊದಲಿಗಿಂತ ಮೂರು ಮನೆ ಕೆಳಗೆ, ಪೇಟಿಯಲ್ಲಿ ನಡುವಿನ ಕರಿ ಕೀಯನ್ನೂ ಎಣಿಸಿ ಇಳಿದರೆ ಬಿಳಿ ಮೂರು, ಗಿಟಾರಿನಲ್ಲಿ ಇ. ಅಲ್ಲಿ ಅವಳ ದನಿ ಇಡಿಯಾಗಿ ಇತ್ತು, ಎಲ್ಲೂ ಒಡೆದಿರಲಿಲ್ಲ. ಹೊಸದೂ ಆಗಿತ್ತು, ಸ್ವಲ್ಪ ಗಡಸು, ಬೆಲ್ಲದ ಪಾಕ ಗಟ್ಟಿಯಾದ ಹಾಗೆ.

ಅವ್ವ ತಲೆ ಎತ್ತಿದಳು. "ಏನ್ ಹುಡುಕಾಕತ್ತಿ ಅದರಾಗ?"

"ನಿನ್ನ ದನಿ."

"ಸಿಕ್ಕರ ಹೇಳು. ನಾನೂ ಹುಡುಕಾಕತ್ತೀನಿ," ಎಂದು ಪುಂಡಿಪಲ್ಯದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಈಗ ಸಮಸ್ಯೆ ನನ್ನದು. ನನ್ನ ಕೈಗೆ ಗೊತ್ತಿರುವುದು ಜಿ, ಅವ್ವನಿಗೆ ಬೇಕಾದದ್ದು ಇ. ಆಫೀಸಿನಲ್ಲಿ ನನ್ನ ಪಕ್ಕದ ಕ್ಯೂಬಿಕಲ್ಲಿನಲ್ಲಿ ಒಬ್ಬ ಮೈಸೂರಿನವನಿದ್ದ. ಗಿಟಾರು ಚೆನ್ನಾಗಿ ನುಡಿಸುವವ, ಒಳ್ಳೆಯ ಹುಡುಗ, ಅದಕ್ಕೇ ನನಗೆ ಅವನ ಮೇಲೆ ಸದಾ ಸಣ್ಣ ಸಿಟ್ಟು. "ಇ ಯಲ್ಲಿ ನುಡಿಸೋದು ಕಲ್ತುಬಿಡಿ, ಅಷ್ಟೇ ಅಲ್ವಾ," ಅಂದ. ಈಜು ಬಂದರೆ ಮುಳುಗುವುದಿಲ್ಲ ಅಂದ ಹಾಗೆ. ಹಬ್ಬ ಎದುರಿಗೆ ಬಂದು ನಿಂತಿದೆ, ಆಫೀಸಿನಲ್ಲಿ ರಿಲೀಸಿನ ಗಲಾಟೆ, ನಾನು ಪ್ರಯತ್ನಿಸಿಯೇ ಇದ್ದೆ, ಬೆರಳುಗಳು ಹಳೆಯ ಜಾಗಕ್ಕೇ ಹೋಗಿ ನಿಲ್ಲುತ್ತಿದ್ದವು. ನಮ್ಮ ಉದ್ಯೋಗದಲ್ಲಿ ಒಂದು ಗುಣವಿದೆ. ತಪ್ಪು ಇರುವಲ್ಲಿ ತಿದ್ದಲು ಪುರುಸೊತ್ತಿಲ್ಲದಿದ್ದರೆ ಸುತ್ತುದಾರಿ ಹುಡುಕಿ, ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟು, ಕ್ಲೈಂಟಿಗೆ ಕಳಿಸುತ್ತೇವೆ. ನಾನೂ ಹಾಗೇ ಯೋಚಿಸಿದೆ. ಕೈ ಬದಲಾಗುವುದು ಬೇಡ, ಇಡೀ ಗಿಟಾರನ್ನೇ ಮೂರು ಮನೆ ಕೆಳಗಿಳಿಸಿದರಾಯಿತು. ನಾನು ಜಿ ಹಿಡಿಯುತ್ತೇನೆ, ಹೊರಗೆ ಇ ಕೇಳಿಸುತ್ತದೆ.

ಆರೂ ತಂತಿ ಸಡಿಲ ಮಾಡಿದೆ. ಒಂಬತ್ತರ ತೆಳು ತಂತಿ, ಅಷ್ಟು ಸಡಿಲಕ್ಕೆ ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿತ್ತು. ಮೀಟಿದರೆ ನಾದವಿಲ್ಲ, ಪಟ್ಟಿಗಳಿಗೆ ಬಡಿದು ಜರ್ರ್ ಅನ್ನುವ ಸದ್ದು. ಸ್ವಲ್ಪ ಒತ್ತಿ ಹಿಡಿದರೆ ಸುರ ಎತ್ತಲೋ ಹೋಗುತ್ತಿತ್ತು.

"ತಂತಿ ಸರಿ ಇಲ್ಲ," ಎಂದು ಗೊಣಗಿದೆ.

ಅಡುಗೆಮನೆಯಿಂದ ಅವ್ವನ ದನಿ: "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ."

ಆದರೆ ನೆಲ ನಿಜವಾಗಿ ಡೊಂಕಿತ್ತು. ಸುರ ಇಳಿಸಬೇಕಾದರೆ ತಂತಿ ದಪ್ಪವಿರಬೇಕು. ಎಷ್ಟು ದಪ್ಪ ಎನ್ನುವುದೇ ಪ್ರಶ್ನೆ. ಕ್ಯಾಂಟೀನಿನಲ್ಲಿ ಕೇಳಿದೆ, ಕೇಳಬಾರದಿತ್ತು. ಹತ್ತರ ಪಕ್ಷ, ಹನ್ನೊಂದರ ಪಕ್ಷ ಎಂದು ಎರಡಾಯಿತು. ಹನ್ನೊಂದು ಹಾಕುವುದೇ ಗಂಡಸುತನ ಎಂದು ಡೇಟಾಬೇಸ್ ಟೀಮಿನ ಒಬ್ಬನ ಅಭಿಪ್ರಾಯ. ಅವನು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುವ ಮನುಷ್ಯ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅಲ್ಲಿ ಇನ್ನೂ ದೊಡ್ಡ ಜಗಳ. ದಪ್ಪ ತಂತಿ ಹಾಕಿದವರಿಗೆ ಬೆರಳ ತುದಿ ಸೀಳಿದ್ದನ್ನು ಹೇಳಿಕೊಳ್ಳುವ ಚಟ, ತೆಳು ತಂತಿಯವರಿಗೆ ಅದನ್ನು ನೋಡಿ ನಗುವ ಚಟ. ಅವ್ವನಿಗೆ ಹಾಡಲು ಕೆಳಗಿನ ಸುರ ಬೇಕಾಗಿದೆ ಎನ್ನುವ ಮನುಷ್ಯ ಅಲ್ಲಿ ಒಬ್ಬನೂ ಇರಲಿಲ್ಲ. ಕೊನೆಗೆ ನಡುದಾರಿ ಎಂದು ಹತ್ತು ತಂದೆ. ಜರ್ರ್ ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ನಡುದಾರಿಗೆ ಯಾವಾಗಲೂ ಇದೇ ಗತಿ.

ಮೈಸೂರಿನವನಿಗೆ ಇದನ್ನು ಹೇಳಿದಾಗ, "ನೀವು ತಪ್ಪು ಪ್ರಶ್ನೆ ಕೇಳ್ತಿದೀರಿ, ಎಷ್ಟು ದಪ್ಪ ಅಲ್ಲ, ಎಷ್ಟು ಬಿಗಿ ಅಂತ ಕೇಳ್ಬೇಕು," ಅಂದ. ನನ್ನ ಕೆಲಸದ ಮಾತನ್ನು ನನಗೇ ಹೇಳಿದ್ದಕ್ಕೆ ಕೋಪ ಬಂತು. ಆದರೆ ಅವನು ಎಕ್ಸೆಲ್ ಶೀಟು ತೆರೆದು, ತಂತಿಯ ದಪ್ಪ, ಉದ್ದ, ಬಿಗಿತ ಎಲ್ಲ ಹಾಕಿ ಲೆಕ್ಕ ಮಾಡಿದ. ಮ್ಯಾನೇಜರು ಹಿಂದಿನಿಂದ ಹಾದುಹೋಗಿ, ಸಂಖ್ಯೆಗಳನ್ನು ನೋಡಿ ತೃಪ್ತಿಯಿಂದ ಮುಂದೆ ಹೋದರು. ಸಂಜೆಗೆ ಅವನು ಹೇಳಿದ: "ಹನ್ನೊಂದು ಹಾಕಿ ಮೂರು ಮನೆ ಇಳಿಸಿದ್ರೆ, ಮೊದಲು ಒಂಬತ್ತು ಎಷ್ಟು ಬಿಗಿ ಇತ್ತೋ ಹೆಚ್ಚುಕಮ್ಮಿ ಅಷ್ಟೇ ಬಿಗಿ ಇರತ್ತೆ. ನಿಮ್ಮ ಕೈಗೆ ವ್ಯತ್ಯಾಸಾನೇ ಗೊತ್ತಾಗಲ್ಲ." ಗಂಡಸುತನ, ಹೆಂಗಸುತನ ಎರಡೂ ಆ ಶೀಟಿನಲ್ಲಿ ಇರಲಿಲ್ಲ. ಮೊದಲ ಸಲ ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಆಬಿಡ್ಸ್‌ನ ವಾದ್ಯದ ಅಂಗಡಿಯವ ಹನ್ನೊಂದರ ಸೆಟ್ಟು ಕೈಯಲ್ಲಿ ಹಿಡಿದು, ಕೊಡದೆ ಕೇಳಿದ: "ಭಾಯಿ ಕೇ ವಾಸ್ತೇ?" ಅಣ್ಣನಿಗೋ ತಮ್ಮನಿಗೋ ಒಯ್ಯುತ್ತಿದ್ದೇನೆ ಎಂದು ಅವನ ಲೆಕ್ಕ.

"ಅಮ್ಮೀ ಕೇ ವಾಸ್ತೇ," ಅಂದೆ.

ಅವ್ವನಿಗೆ ಹನ್ನೊಂದು ಬೇಕಂತೆ ಎಂಬುದನ್ನು ಅವನು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಬಹಳ ಗೌರವದಿಂದ ಪೊಟ್ಟಣ ಕಟ್ಟಿಕೊಟ್ಟ.

ತಂತಿ ಹಾಕುವಾಗ ಒಂದು ತೊಂದರೆಯಾಯಿತು. ಗಿಟಾರಿನ ಕುತ್ತಿಗೆಯ ತುದಿಯಲ್ಲಿ ತಂತಿ ಕೂರಲು ಸಣ್ಣ ಸಣ್ಣ ಸೀಳುಗಳಿರುತ್ತವೆ. ಅವು ಒಂಬತ್ತಕ್ಕೆ ಒಗ್ಗಿದ್ದವು. ದಪ್ಪ ತಂತಿ ಅಲ್ಲಿ ಸಿಕ್ಕಿಕೊಂಡು, ತಿರುಗಿಸಿದಾಗ ಸುಮ್ಮನಿದ್ದು, ಬಿಟ್ಟ ಮೇಲೆ ಟಿಂಗ್ ಎಂದು ಜಾರಿ ಸುರ ಕೆಡಿಸುತ್ತಿತ್ತು. ಪೆನ್ಸಿಲಿನ ಸೀಸ ಉಜ್ಜಿದೆ, ಜಾರಿಕೆ ನಯವಾಯಿತು. ಸುರ ಇಳಿಸಿ, ಆಂಪ್ಲಿಫೈಯರಿಗೆ ಜೋಡಿಸಿ, ಜಿ ಹಿಡಿದು ಮೀಟಿದೆ. ಅವನು ಹೇಳಿದಂತೆಯೇ ಕೈಗೆ ಏನೂ ಗೊತ್ತಾಗಲಿಲ್ಲ. ಇಷ್ಟು ದಿನ ಜಗಳವಾಡಿ ತಂದ ತಂತಿ ಬೆರಳಿಗೆ ಹಳೆಯದರ ಹಾಗೆಯೇ ಇತ್ತು. ಕಿವಿಗೆ ಮಾತ್ರ ಬೇರೆ. ಮನೆಯ ನೆಲ ಒಂದು ಮೆಟ್ಟಿಲು ಕೆಳಗಿಳಿದ ಹಾಗೆ.

ಅವ್ವನನ್ನು ಕೇಳಿದರೆ ಒಲ್ಲೆ ಅನ್ನುತ್ತಾಳೆ, ಆದ್ದರಿಂದ ಕೇಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ಸುಗ್ಗಿ ಕೀರ್ತನೆಯ ಮೊದಲ ತುಣುಕು ನುಡಿಸಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಎರಡನೆಯ ಸುತ್ತಿಗೆ ಬಡಿತ ತಾಳಕ್ಕೆ ಬಂತು. ಮೂರನೆಯದಕ್ಕೆ ಹಾಡು ಬಂತು. ಮೇಲಕ್ಕೆ ಹೋಗುವ ಸಾಲು ಹತ್ತಿರ ಬಂತು. ಅವ್ವ ಆ ಸಾಲಿಗೆ ಹೋದಳು, ದನಿ ಜೊತೆಗೆ ಹೋಯಿತು, ಮೇಲೆ ನಿಂತಿತು, ಇಳಿಯಿತು. ತವೆಯ ಮೇಲಿನ ರೊಟ್ಟಿ ಕರಿಯಾಯಿತು. ಅವ್ವ ಸ್ಟೋವ್ ಆರಿಸಿ ಕೊನೆಯವರೆಗೂ ಹಾಡಿದಳು. ನನಗೆ ಅಳು ಬಂತು. ಬಂದದ್ದನ್ನು ತಡೆಯಲಿಲ್ಲ.

"ಯಾಕ ಅಳ್ತಿ? ತಂತಿ ಹರೀತೇನು?" ಅಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಹೊಗೆ ಅಂದಳು.

"ಹಬ್ಬದಾಗ ನೀನ ಎತ್ತು," ಅಂದೆ.

"ಆಗಂಗಿಲ್ಲ."

"ಈಗ ಹಾಡಿದೆಲ್ಲ."

"ಮನಿಯಾಗ ಹಾಡಿದೆ. ಸಭೆಯಾಗ ಬಿಳಿ ಮೂರು ಹೆಂಗ ಕೇಳಲಿ? ಮಾಸ್ತರಿಗೆ ಬಿಳಿ ಐದು ಬಿಟ್ಟರ ಬ್ಯಾರೆ ಬರಂಗಿಲ್ಲ. ಎಂದಾರ ನೋಡೀ ಏನು, ಅವರು ಬ್ಯಾರೆ ಸುರದಾಗ ಬಾರಿಸಿದ್ದು?" ನೋಡಿರಲಿಲ್ಲ. "ಎಲ್ಲರ ಮುಂದ ನಾ ಕೇಳಿ, ಅವರ ಬೆರಳು ತಡವರಿಸಿದರ ಏನಾಗ್ತೈತಿ? ನನ್ನ ದನಿ ಹೋತಂತ ಆ ಹಿರೇಮನುಷ್ಯಾರ ಮರ್ಯಾದಿ ತೆಗೀಲೇನು?" ಇಷ್ಟು ಹೇಳಿ ಕರಿಯಾದ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು.

ಮರುದಿನವೇ ದಿಲ್‌ಸುಖ್‌ನಗರಕ್ಕೆ ಹೋದೆ. ಮಾಸ್ತರ ಮನೆ ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಕೆಳಗೆ ನೂರಾರು ಹುಡುಗರು ಒಟ್ಟಿಗೆ ಜಾವಾ ಕಲಿಯುವ ಗುಂಯ್ ಸದ್ದು. ಮಾಸ್ತರು ಬನಿಯನ್ನಿನಲ್ಲಿ ಕೂತು ಪೇಪರು ಓದುತ್ತಿದ್ದರು, ನನ್ನನ್ನು ನೋಡಿ ಅಂಗಿ ಹಾಕಿಕೊಂಡರು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. "ಮಾಸ್ತರ, ನಿಮಗ ಬಿಳಿ ಮೂರರಾಗ ಬಾರಿಸಾಕ ಬರ್ತೈತೇನ್ರಿ?" ಎಂದು ಕೇಳಿಯೇಬಿಟ್ಟೆ.

ಅವರು ಪೇಪರು ಮಡಚಿಟ್ಟರು. ಪೇಟಿಯ ಮುಚ್ಚಳ ತೆಗೆದರು. ಸುಗ್ಗಿ ಕೀರ್ತನೆಯನ್ನು ಬಿಳಿ ಮೂರರಿಂದ ಬಾರಿಸಿದರು. ನಿಲ್ಲಿಸದೆ ಬಿಳಿ ಎರಡಕ್ಕೆ ಹೋದರು, ಅಲ್ಲಿಂದ ಕರಿ ಒಂದಕ್ಕೆ, ಕರಿ ನಾಲ್ಕಕ್ಕೆ. ಮಗ್ಗುಲು ಬದಲಿಸಿ ಮಲಗಿದಷ್ಟು ಸಲೀಸು.

"ಮತ್ತ ಇಷ್ಟು ವರ್ಷ ಬಿಳಿ ಐದು ಬಿಟ್ಟು ಬ್ಯಾರೆ ಯಾಕ ಬಾರಿಸಲಿಲ್ರಿ?"

"ಯಾರೂ ಕೇಳಲಿಲ್ಲಲ್ಲ ಯವ್ವ," ಅಂದರು. "ನಿಮ್ಮವ್ವ ಕೇಳಿದ್ದು ಬಿಳಿ ಐದು. ಕೊಟ್ಟೆ."

"ಆಪರೇಷನ್ ಆದ ಮ್ಯಾಲ ನೀವಾರ ಇಳಿಸಬೇಕಿತ್ತು. ಆಕಿ ಹೆಂಗ ಕೂತಾಳ ನೋಡೀರಲ್ಲ."

ಮಾಸ್ತರು ಪೇಟಿ ಮುಚ್ಚಿದರು. "ನಾನಾಗಿ ಇಳಿಸಿದರ, ಸಿಸ್ಟರ್ ನಿಮ್ಮ ದನಿ ಹೋತ್ರಿ ಅಂತ ಎಲ್ಲರ ಮುಂದ ನಾನು ಹೇಳಿದಂಗ ಆಗ್ತೈತಿ. ಆ ಮಾತು ನನ್ನ ಕೈಲೆ ಆಗಂಗಿಲ್ಲ. ಆಕಿ ಕೇಳಲಿ, ಎಷ್ಟು ಕೆಳಗ ಬೇಕಂದರೂ ಕೊಡ್ತೀನಿ. ದಿನಾ ಕಾಯಾಕತ್ತೀನಿ."

ನನಗೆ ಎದ್ದುಹೋಗಿ ಯಾರಿಗಾದರೂ ಹೊಡೆಯಬೇಕು ಅನ್ನಿಸಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎರಡೂ ಒಂದೇ ಕಡೆ ಎಳೆಯುತ್ತಿದ್ದವು, ಆದರೂ ಗಾಡಿ ಹೂತುಹೋಗಿತ್ತು. ಅವ್ವನಿಗೆ ಮಾಸ್ತರ ಮರ್ಯಾದೆಯ ಚಿಂತೆ, ಮಾಸ್ತರಿಗೆ ಅವ್ವನ ಮರ್ಯಾದೆಯ ಚಿಂತೆ. ಬಸ್ಸಿನಲ್ಲಿ ಇಡೀ ದಾರಿ ಒಳಗೊಳಗೇ ಬೈದುಕೊಂಡು ಬಂದೆ. ಪಕ್ಕದಲ್ಲಿ ಕೂತ ಹೆಂಗಸು ತನಗೇ ಎಂದುಕೊಂಡು ಎದ್ದು ಬೇರೆ ಸೀಟಿಗೆ ಹೋದಳು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ನಂಬಲಿಲ್ಲ. "ನೀ ಮನಿ ತನಕ ಹೋಗೀ ಅಂತ ನಿನ್ನ ಸಮಾಧಾನಕ್ಕ ಏನೋ ಬಾರಿಸ್ಯಾರ. ಮನಿಯಾಗ ಕೂತು ಬಾರಿಸೂದು ಬ್ಯಾರೆ, ಸಭೆಯಾಗ ಬ್ಯಾರೆ. ನನಗ ಗೊತ್ತಿಲ್ಲೇನು," ಅಂದಳು. ತನ್ನ ಬಗ್ಗೆಯೇ ಹೇಳುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಆಮೇಲೆ ಆ ಮಾತು ಎತ್ತಗೊಡಲಿಲ್ಲ.

ಸುಗ್ಗಿ ಹಬ್ಬದ ದಿನ ಜನ ತಮ್ಮ ಮೊದಲ ಬೆಳೆಯನ್ನು ತಂದು ದೇವರ ಮುಂದಿಡಬೇಕು, ಆಮೇಲೆ ಅದರ ಲಿಲಾವು, ಅಂದರೆ ಹರಾಜು. ಹೈದರಾಬಾದಿನಲ್ಲಿ ಯಾರಿಗೆ ಹೊಲವಿದೆ? ಗಾರೆ ಕೆಲಸದವರು ಊರಿನಿಂದ ಜೋಳ, ಶೇಂಗಾ, ಕುಂಬಳಕಾಯಿ ತರಿಸುತ್ತಿದ್ದರು. ಉಳಿದವರದ್ದೆಲ್ಲ ಬೇಗಂ ಬಜಾರಿನ ಸುಗ್ಗಿ. ಸಾಬೂನಿನ ಡಜನ್ನು, ಪ್ಲಾಸ್ಟಿಕ್ ಕೊಡ. ಅಗರಬತ್ತಿಯಂಥ ಪೊಟ್ಟಣ ಕಂಡು, ಚರ್ಚಿಗೆ ಇದೇಕೆ ಎಂದು ಪಾಸ್ಟರು ಬಿಡಿಸಿ ನೋಡಿದರೆ ಶ್ಯಾವಿಗೆ. ಸಾಫ್ಟ್‌ವೇರಿನವರು ಕಂಪನಿಯಲ್ಲಿ ಪುಕ್ಕಟೆ ಸಿಕ್ಕ ಮೌಸ್‌ಪ್ಯಾಡು ತಂದಿಟ್ಟಿದ್ದೂ ಉಂಟು. ಹಿಂದಿನ ವರ್ಷ ಅದನ್ನು ಒಬ್ಬ ಮೇಸ್ತ್ರಿ ಕೊಂಡುಹೋಗಿ ಬಿಸಿ ಪಾತ್ರೆ ಇಳಿಸಲು ಬಳಸುತ್ತಿದ್ದ. ಬಹಳ ಬಾಳಿಕೆ ಬರುತ್ತದೆಂದು ಹೇಳಿದ.

ಕಾಣಿಕೆಗಳೆಲ್ಲ ಮುಂದೆ ಬಂದವು. ಪಾಸ್ಟರು ಪ್ರಾರ್ಥನೆ ಮುಗಿಸಿ, ಸುಗ್ಗಿಯ ಕೀರ್ತನೆ ಹಾಡೋಣ ಎಂದರು. ಬಿಳಿ ಐದು ಎಂದು ಅವರು ಬಾಯಿ ತೆರೆಯುವ ಮೊದಲೇ ನಾನು ಗಿಟಾರು ಮೀಟಿದೆ. ಕೈಯಲ್ಲಿ ಜಿ, ಸ್ಪೀಕರಿನಲ್ಲಿ ಇ. ಹನ್ನೊಂದರ ತಂತಿ ಆ ಸಣ್ಣ ಚರ್ಚಿನಲ್ಲಿ ನಾನು ಎಣಿಸಿದ್ದಕ್ಕಿಂತ ದೊಡ್ಡದಾಗಿ ಮೊಳಗಿತು. ಮಾಸ್ತರು ನನ್ನ ಎಡಗೈ ನೋಡಿದರು. ಕೈ ಎಂದಿನ ಜಾಗದಲ್ಲೇ ಇದೆ, ಸುರ ಕೆಳಗಿದೆ. ಅವರಿಗೆ ತಿಳಿಯಿತು. ಪೇಟಿಯ ತಿದಿಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಏನಾತ್ರಿ ಮಾಸ್ತರ?" ಪಾಸ್ಟರು ಕೇಳಿದರು.

"ಸುರ ಕೇಳೋರು ಕೇಳಲಿ," ಅಂದರು ಮಾಸ್ತರು.

ಕಾಣಿಕೆಗೆ ಬಂದ ಕೋಳಿಯೊಂದು ಬುಟ್ಟಿಯಲ್ಲಿ ಗೊರಗೊರ ಅನ್ನುತ್ತಿತ್ತು. ನಾನು ಮತ್ತೆ ಮೀಟಿದೆ, ಮೂರನೆಯ ಬೆಂಚಿನ ಕಡೆ ನೋಡುತ್ತ. ಅವ್ವ ನನ್ನನ್ನು ನೋಡಿದ ನೋಟದಲ್ಲಿ ಮನೆಗೆ ಹೋದ ಮೇಲೆ ನನ್ನ ಗತಿ ಏನೆಂದು ಸ್ಪಷ್ಟವಾಗಿತ್ತು. ಅವಳು ಏಳಲಿಲ್ಲ. ನಾನು ಕೆಡಿಸಿದೆ, ಇವಳನ್ನು ಎಲ್ಲರ ಮುಂದೆ ಕೂರಿಸಿ ಕೆಡಿಸಿದೆ ಎಂದುಕೊಂಡೆ. ಆಗ ಅವ್ವ ಎದ್ದಳು. ಸೆರಗು ಸರಿಮಾಡಿಕೊಂಡಳು.

"ಬಿಳಿ ಮೂರು ಕೊಡ್ರಿ ಮಾಸ್ತರ," ಅಂದಳು. ದನಿ ಸಣ್ಣಗಿತ್ತು. ಮತ್ತೆ, ಇನ್ನೂ ಸಣ್ಣಗೆ, "ಆಗ್ತೈತಲ್ರಿ?" ಎಂದು ಕೇಳಿದಳು.

ಆಗ್ತೈತಲ್ರಿ ಎಂಬುದು ಮುಗಿಯುವ ಮೊದಲೇ ಪೇಟಿ ಬಿಳಿ ಮೂರರಲ್ಲಿ ತುಂಬಿಕೊಂಡಿತ್ತು. ಅವ್ವ ಮಾಸ್ತರ ಬೆರಳುಗಳನ್ನೇ ನೋಡಿದಳು. ಅವು ಎಲ್ಲೂ ತಡವರಿಸಲಿಲ್ಲ. ಮಾಸ್ತರು ತಲೆ ತಗ್ಗಿಸಿಕೊಂಡಿದ್ದರು, ಕನ್ನಡಕ ಮಂಜಾಗಿತ್ತು.

ಅವ್ವ ಹಾಡು ಎತ್ತಿದಳು. ಮೊದಲ ಸಾಲು, ಎರಡನೆಯ ಸಾಲು. ಮೇಲಕ್ಕೆ ಹೋಗುವ ಸಾಲು ಬಂತು, ಅವಳು ಹೋದಳು, ದನಿ ನಿಂತಿತು. ಆದರೆ ಅರ್ಧ ಸಾಲಿಗೆ ಅವ್ವ ಹಾಡುವುದನ್ನು ನಿಲ್ಲಿಸಿಬಿಟ್ಟಳು. ಹಾಡು ನಿಲ್ಲಲಿಲ್ಲ. ಹಿಂದಿನ ಬೆಂಚುಗಳಿಂದ ಗಾರೆ ಕೆಲಸದ ಹೆಂಗಸರೆಲ್ಲ ಆ ಸಾಲನ್ನು ಗಂಟಲು ತುಂಬಿ ಹಾಡುತ್ತಿದ್ದರು. ಅಂಥ ಸದ್ದು ನಮ್ಮ ಸಭೆಯಲ್ಲಿ ನಾನು ಕೇಳಿರಲಿಲ್ಲ. ಯಾವಾಗಲೂ ಆ ಸಾಲಿನಲ್ಲಿ ಅವ್ವನ ದನಿ ಒಂದೇ ಕೇಳುತ್ತಿತ್ತು. ಅವಳದು ದೊಡ್ಡ ದನಿ, ಬೇರೆಯವರದನ್ನು ಮುಚ್ಚುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ಅವ್ವ ಪಾಸ್ಟರಿಗೆ ಬೆನ್ನು ಮಾಡಿ ಹಿಂದಕ್ಕೆ ತಿರುಗಿ, ಅವರನ್ನು ನೋಡುತ್ತ ನಿಂತಳು. ಸಾಲು ಮುಗಿದು ಮತ್ತೆ ಕೆಳಗೆ ಬಂದಾಗ ಅವರ ಜೊತೆ ಸೇರಿಕೊಂಡಳು.

ಲಿಲಾವಿನ ಗದ್ದಲದಲ್ಲಿ ಹಿಂದಿನ ಬೆಂಚಿನ ಒಬ್ಬ ಮುದುಕಿ ಅವ್ವನ ಹತ್ತಿರ ಬಂದು ಕೈ ಹಿಡಿದುಕೊಂಡಳು. "ಇವತ್ತ ನಮಗೂ ಹಾಡಾಕ ಬಂತ್ರಿ ಸಿಸ್ಟರ್."

"ಇಷ್ಟು ದಿನ?"

"ಇಷ್ಟು ದಿನ ಬರೇ ಬಾಯಿ ಆಡಸ್ತಿದ್ವಿರಿ. ನಿಮ್ಮ ಎತ್ತರ ನಮಗೆಲ್ಲಿ ಬರಬೇಕು."

"ಹೇಳಬೇಕಿಲ್ಲೇನು ಮತ್ತ?"

"ನೀವು ಅಷ್ಟು ಚಂದ ಹಾಡ್ತಿದ್ರಿ," ಅಂದಳು ಮುದುಕಿ. "ಹೆಂಗ ಹೇಳೂದು?"

ಆಟೋದಲ್ಲಿ ಅವ್ವ ಲಿಲಾವಿನಲ್ಲಿ ಹಿಡಿದ ಕುಂಬಳಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನಗೆ ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ, "ಇಷ್ಟು ವರ್ಷ ನಾ ಒಬ್ಬಾಕೀನ ಹಾಡೀನಿ," ಅಂದಳು. ಹೆಮ್ಮೆಯಿಂದ ಹೇಳಿದ್ದಲ್ಲ. ನಾನು ಅವಳ ಕೈ ಹಿಡಿದುಕೊಂಡೆ.

ಮನೆಯ ತಿರುವು ಬಂದಾಗ ಮತ್ತೆ ಹೇಳಿದಳು: "ಆ ಮುದುಕಿಗೆ ಇವತ್ತೂ ಪೂರಾ ಬರಲಿಲ್ಲ. ಕಡೀ ಚರಣದಾಗ ಮತ್ತ ಬಾಯಿ ಆಡಿಸಿದ್ಲು, ನಾ ನೋಡಿದೆ. ಮುಂದಿನ ವಾರ ಬಿಳಿ ಎರಡು ಕೇಳ್ತೀನಿ."

ಬಿಳಿ ಎರಡಕ್ಕೆ ಹನ್ನೊಂದರ ತಂತಿ ಸಡಿಲಾಗುತ್ತದೆ, ಹನ್ನೆರಡು ಹಾಕಬೇಕಾಗುತ್ತದೆ ಎಂದು ಹೇಳಿದೆ.

"ಹಾಕು ಮತ್ತ," ಅಂದಳು ಅವ್ವ.